ಕ್ಯಾನನ್ ಎಇ-1 ಪ್ರೋಗ್ರಾಂ ಕ್ಯಾಮೆರಾದಲ್ಲಿ ‘ಪ್ರೋಗ್ರಾಂ’ ಮೋಡ್ ಬಳಸುವುದು ಹೇಗೆ? ಬಿಂಬ ತಾನಾಗಿಯೇ ಸರಿಬರುತ್ತದೆಯೇ?

ಬೆಳಕಿನ ಲೆಕ್ಕ ತಾನಾಗಿಯೇ ನಡೆಯುತ್ತದೆ. ಫೋಕಸ್ ಮಾತ್ರ ನಿಮ್ಮ ಕೈಯ ಕೆಲಸ. ಮೊಬೈಲ್‌ನಿಂದ ಬಂದವರು ಇಲ್ಲಿಯೇ ಎಡವುತ್ತಾರೆ.

ಮೊದಲು ಫಿಲ್ಮ್‌ನ ಐಎಸ್‌ಒ ಸಂಖ್ಯೆಯನ್ನು, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆಯನ್ನು, ಹೊಂದಿಸಿ. 1981ರ ಈ ಕ್ಯಾಮೆರಾ ಅದನ್ನು ತಾನೇ ಓದಿಕೊಳ್ಳುವುದಿಲ್ಲ. 400ರ ಫಿಲ್ಮ್ ಹಾಕಿ 100ರಲ್ಲಿ ಬಿಟ್ಟರೆ ಇಡೀ ರೋಲ್‌ಗೆ ಎರಡು ಸ್ಟಾಪ್ ಹೆಚ್ಚು, ಅಂದರೆ ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ಆಮೇಲೆ ಲೆನ್ಸ್‌ನ ಅಪರ್ಚರ್ (ಬೆಳಕು ಒಳಬರುವ ರಂಧ್ರ) ಬಳೆಯನ್ನು ‘ಎ’ ಗುರುತಿಗೂ ಶಟರ್ (ಬೆಳಕು ಬೀಳುವ ಹೊತ್ತನ್ನು ನಿರ್ಧರಿಸುವ ತೆರೆ) ಡಯಲನ್ನು ‘ಪ್ರೋಗ್ರಾಂ’ಗೂ ತಿರುಗಿಸಿ. ಗುಂಡಿಯನ್ನು ಅರ್ಧ ಒತ್ತಿದರೆ ವ್ಯೂಫೈಂಡರ್‌ನಲ್ಲಿ ಹಸಿರು ‘ಪಿ’ಯೂ ಆಯ್ಕೆಯಾದ ಅಪರ್ಚರ್ ಸಂಖ್ಯೆಯೂ ಬೆಳಗುತ್ತವೆ. ‘ಪಿ’ ಮಿನುಗಿದರೆ ಶಟರ್ ತೀರ ನಿಧಾನವಾಗಿದೆ ಎಂದರ್ಥ, ಕ್ಯಾಮೆರಾವನ್ನು ಗೋಡೆಗೋ ಟ್ರೈಪಾಡ್‌ಗೋ ಆನಿಸಿ.

ಎದುರುಬೆಳಕಿನಲ್ಲಿ ಈ ಮೋಡ್ ಅನ್ನು ಕಣ್ಣುಮುಚ್ಚಿ ನಂಬಬೇಡಿ. ಬೆಳಕು ಅಳೆಯುವ ಮೀಟರ್ ಚೌಕಟ್ಟಿನ ನಡುಭಾಗಕ್ಕೆ ಹೆಚ್ಚು ಬೆಲೆ ಕೊಟ್ಟರೂ ಸುತ್ತಲಿನ ಬೆಳಕನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಕಿಟಕಿಯ ಮುಂದೆ ನಿಂತವರ ಮುಖ ಕಪ್ಪಾಗುತ್ತದೆ. ಹತ್ತಿರ ಹೋಗಿ, ಚೌಕಟ್ಟಿನ ತುಂಬ ಮುಖವೇ ಇರುವಂತೆ ಬೆಳಕು ಅಳೆದು, ಆ ಅಳತೆಯನ್ನು ಹಿಡಿದಿಡುವ ಎಇ ಲಾಕ್ ಒತ್ತಿ, ಹಿಂದೆ ಸರಿದು ಕ್ಲಿಕ್ಕಿಸಿ. ನನಗೆ ಅತ್ಯಂತ ಉಪಯುಕ್ತವೆನಿಸುವ ಅಭ್ಯಾಸ ಇದೇ.

ಆರು ವೋಲ್ಟ್‌ನ ಬ್ಯಾಟರಿ ಮುಗಿದರೆ ಶಟರ್ ಅಲುಗುವುದೇ ಇಲ್ಲ. ಇನ್ನೊಂದನ್ನು ಚೀಲದಲ್ಲಿ ಇಟ್ಟುಕೊಂಡಿರಿ.