ಮಾವನ ಟ್ರಂಕಿನಲ್ಲಿರುವ ಶಲ್ಯ

ಪ್ರಿಯ ಮಿತ್ರರೇ,

ಪಕ್ಷಾಂತರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲು ಮನಸ್ಸೂ ಬರಲಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಹೇಳಹೊರಟಿದ್ದು ಇಷ್ಟು: ನಮ್ಮ ರಾಜ್ಯದ ಯುವ ಶಾಸಕರು ಬೆಳೆಯುವ ವಯಸ್ಸಿನಲ್ಲೇ ಪಕ್ಷ ಬದಲಿಸುವುದನ್ನು ಕಲಿಯುತ್ತಿದ್ದಾರೆ, ಅವರಿಗೆ ಸಿದ್ಧಾಂತವೂ ಇಲ್ಲ, ಕಾನೂನಿನ ಭಯವೂ ಇಲ್ಲ. ಮೊದಲ ಎರಡು ಪುಟದಲ್ಲೇ 'ಊಸರವಳ್ಳಿ' ಐದು ಸಲ ಬಂದಿದೆ, 'ಪ್ರಜಾಪ್ರಭುತ್ವದ ಕಗ್ಗೊಲೆ' ಮೂರು ಸಲ. ನಿಮ್ಮ ಕೋಪ ನಿಜವಾದದ್ದು. ನನಗೂ ಅದೇ ಕೋಪ ಇದೆ. ಓದುಗರೂ ಅದನ್ನು ಹೊತ್ತುಕೊಂಡೇ ನಿಮ್ಮ ಲೇಖನಕ್ಕೆ ಬರುತ್ತಾರೆ. ಅವರಿಗೆ ಗೊತ್ತಿಲ್ಲದ ಏನನ್ನು ನೀವು ಕೊಡುತ್ತಿದ್ದೀರಿ, ಅದು ಮುಖ್ಯ ಅಲ್ವಾ?

ಕಾನೂನಿನ ವಿಷಯದಲ್ಲಿ ಜಾಸ್ತಿ ಎಡವಿದ್ದೀರಿ. 'ಮೂರನೇ ಒಂದರಷ್ಟು ಶಾಸಕರು ಒಟ್ಟಿಗೆ ಹೊರಬಂದರೆ ಅನರ್ಹತೆ ಇಲ್ಲ' ಎಂದು ಬರೆದಿದ್ದೀರಿ. ಅದು 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಸೇರಿದಾಗಿನ ಮಾತು. 2003ರ 91ನೇ ತಿದ್ದುಪಡಿ ಆ ದಾರಿ ಮುಚ್ಚಿತು. ಈಗ ಉಳಿದಿರುವುದು ವಿಲೀನ ಮಾತ್ರ, ಅಂದರೆ ಪಕ್ಷವೇ ಇನ್ನೊಂದು ಪಕ್ಷದಲ್ಲಿ ಸೇರಿಹೋಗುವುದು. ಅದಕ್ಕೆ ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಜನ ಒಪ್ಪಿರಬೇಕು.

2019ರ ಬಗ್ಗೆ ಇನ್ನೊಂದು ತಪ್ಪು. 'ಹದಿನೇಳು ಶಾಸಕರು ವಿರುದ್ಧ ಮತ ಹಾಕಿ ಸರ್ಕಾರ ಬೀಳಿಸಿದರು' ಎನ್ನುತ್ತೀರಿ. ಅವರು ಮತ ಹಾಕಲೇ ಇಲ್ಲ. ಹೆಚ್ಚಿನವರು ಆಗಲೇ ರಾಜೀನಾಮೆ ಕೊಟ್ಟಿದ್ದರು, ಅವತ್ತು ಸದನಕ್ಕೇ ಬರಲಿಲ್ಲ. ಜುಲೈ 23ರ ವಿಶ್ವಾಸಮತದಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಬಿತ್ತು. ಆಮೇಲೆ ಸ್ಪೀಕರ್ ರಮೇಶ್ ಕುಮಾರ್ ಹದಿನೇಳು ಜನರನ್ನೂ ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ ಎಂದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಸ್ಪರ್ಧೆಗೆ ಹಾಕಿದ್ದ ತಡೆಯನ್ನು ತೆಗೆದುಹಾಕಿತು. ಅನರ್ಹರಾದವರು ಮತ್ತೆ ಗೆದ್ದು ಬರುವವರೆಗೆ ಆ ಅವಧಿಯಲ್ಲಿ ಮಂತ್ರಿಯಾಗುವಂತಿಲ್ಲ ಅನ್ನುವುದೂ 91ನೇ ತಿದ್ದುಪಡಿಯ ನಿಯಮವೇ.

ಇದನ್ನೆಲ್ಲ ಪರೀಕ್ಷೆಗೆ ಓದಿಸಿದ ಹಾಗೆ ಹೇಳುತ್ತಿಲ್ಲ. ಈ ನಿಯಮಗಳನ್ನು ಜೋಡಿಸಿ ನೋಡಿ. ಮಂತ್ರಿಗಿರಿಯ ದಾರಿ ಹೆಚ್ಚಿನವರಿಗೆ ಕೊನೆಗೆ ಕ್ಷೇತ್ರದ ಮತಗಟ್ಟೆಯ ಮೂಲಕವೇ ಹೋಗುತ್ತದೆ. ನಿಮ್ಮ ಲೇಖನ ಮಾತ್ರ ರೆಸಾರ್ಟಿನಿಂದ ವಿಧಾನಸೌಧಕ್ಕೆ, ಅಲ್ಲಿಂದ ದೆಹಲಿಗೆ ಓಡಾಡುತ್ತದೆ. ಕ್ಷೇತ್ರಕ್ಕೆ ಬರುವುದೇ ಇಲ್ಲ. 'ಜನ ಎಲ್ಲ ಮರೆತು ಮತ್ತೆ ಗೆಲ್ಲಿಸಿದರು' ಎಂಬ ಒಂದು ಸಾಲಿನಲ್ಲಿ ಮತದಾರರ ಕಥೆ ಮುಗಿಸಿದ್ದೀರಿ.

ಜನ ನಿಜವಾಗಿಯೂ ಮರೆತರೇ? ಡಿಸೆಂಬರ್ 2019ರಲ್ಲಿ ಹದಿನೈದು ಕಡೆ ಉಪಚುನಾವಣೆ ನಡೆಯಿತು. ಅನರ್ಹರಲ್ಲಿ ಹದಿಮೂರು ಜನ ಬಿಜೆಪಿಯಿಂದ ನಿಂತರು, ಹನ್ನೊಂದು ಜನ ಗೆದ್ದರು. ಹುಣಸೂರು ಮತ್ತು ಹೊಸಕೋಟೆಯಲ್ಲಿ ಸೋತರು. ಮಸ್ಕಿಯನ್ನು ನೋಡಿ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು (ಆ ಹದಿನೇಳು ಜನರಲ್ಲಿ ಇವರೂ ಒಬ್ಬರು) ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು 213 ಮತಗಳಿಂದ ಸೋಲಿಸಿದ್ದರು. 2021ರ ಉಪಚುನಾವಣೆ ಹೊತ್ತಿಗೆ ಇಬ್ಬರ ಪಕ್ಷವೂ ಅದಲು ಬದಲಾಗಿತ್ತು. ಈ ಸಲ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಅದೇ ಇಬ್ಬರು, ಅದೇ ಊರುಗಳು. ಎಲ್ಲ ಕಡೆ ಜನ ಮರೆತಿದ್ದರೆ ಹೀಗಾಗುತ್ತಿರಲಿಲ್ಲ.

ಹೊಸಕೋಟೆಯ ಶರತ್ ಬಚ್ಚೇಗೌಡರನ್ನು ನೀವು ಉಳಿದವರ ಸಾಲಿನಲ್ಲೇ ಸೇರಿಸಿದ್ದೀರಿ. ಇದು ನ್ಯಾಯವಲ್ಲ. 2018ರಲ್ಲಿ ಅವರು ಬಿಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಎಂ.ಟಿ.ಬಿ. ನಾಗರಾಜ್ ಎದುರು ಸೋತಿದ್ದರು. ಮುಂದಿನ ವರ್ಷ ಅದೇ ನಾಗರಾಜ್ ಬಿಜೆಪಿ ಅಭ್ಯರ್ಥಿಯಾದರು. ಶರತ್ ಬಂಡಾಯವೆದ್ದು ಪಕ್ಷೇತರರಾಗಿ ನಿಂತು ಗೆದ್ದರು. 2023ರಲ್ಲಿ ಕಾಂಗ್ರೆಸ್ ಟಿಕೆಟ್ ಮೇಲೆ ಗೆದ್ದರು. ಗೆದ್ದ ಸ್ಥಾನವನ್ನು ಅವಧಿಯ ನಡುವೆ ಬಿಟ್ಟು ಹೋಗುವುದು ಬೇರೆ, ಎದುರಾಳಿಯೇ ತನ್ನ ಪಕ್ಷಕ್ಕೆ ಬಂದು ಕೂತಾಗ ಹೊರಬೀಳುವುದು ಬೇರೆ. ಎರಡನ್ನೂ ಟೀಕಿಸಿ, ಅದು ನಿಮ್ಮ ಹಕ್ಕು. ಒಂದೇ ಮಾತಿನಲ್ಲಿ ಟೀಕಿಸಬೇಡಿ.

ಇದು ಯುವಕರದ್ದೇ ರೋಗ ಎಂಬ ವಾದವನ್ನೂ ಬಿಡಿ. ಹರಿಯಾಣದ ಶಾಸಕ ಗಯಾ ಲಾಲ್ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿದ್ದು 1967ರಲ್ಲಿ. ಇನ್ನು 'ಕೋಟಿ ಕೋಟಿ ಎಣಿಸಿಕೊಂಡರು' ಎಂಬ ಸಾಲು ಆಧಾರ ಇಲ್ಲದೆ ಅಚ್ಚಾಗುವುದಿಲ್ಲ. ಅದನ್ನು ನಾನೇ ತೆಗೆದಿದ್ದೇನೆ.

ಈಗ ಏಳನೇ ಪುಟಕ್ಕೆ ಬರೋಣ. ಅಲ್ಲಿ ನಾಲ್ಕು ಸಾಲು ಬರೆದಿದ್ದೀರಿ. ನಿಮ್ಮ ಸೋದರಮಾವ ಇಪ್ಪತ್ತು ವರ್ಷ ಬೂತ್ ಏಜೆಂಟ್ ಆಗಿದ್ದವರು. ಶಾಸಕರು ಪಕ್ಷ ಬಿಟ್ಟ ಸುದ್ದಿ ಅವರಿಗೆ ಗೊತ್ತಾಗಿದ್ದು ಟಿವಿಯಲ್ಲಿ. ಮರುದಿನ ಹಳೇ ಪಕ್ಷದ ಶಲ್ಯವನ್ನು ಒಗೆದು, ಒಣಗಿಸಿ, ಮಡಚಿ ಟ್ರಂಕಿನಲ್ಲಿಟ್ಟರು. ವಾರದ ನಂತರ ಹೊಸ ಶಲ್ಯ ಮನೆಗೆ ಬಂತು. ಅತ್ತೆ ಅದನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು.

ಇದನ್ನು ಓದಿ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಒಗೆದಿಟ್ಟರು ಅಂದಿರಲ್ಲ, ಆ ಒಂದು ಮಾತಿನಲ್ಲಿ ಇಪ್ಪತ್ತು ವರ್ಷ ಇದೆ. ನೀವೋ ಅಲ್ಲಿ ಒಂದು ಕ್ಷಣವೂ ನಿಲ್ಲದೆ 'ಇಂಥ ನಿಷ್ಠಾವಂತರಿಗೆ ಬೆಲೆಯಿಲ್ಲ' ಎಂದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ.

ನಾನು ವರದಿಗಾರನಾಗಿದ್ದಾಗ ಒಂದು ಉಪಚುನಾವಣೆಗೆ ಹೋಗಿದ್ದೆ. ಹಳ್ಳಿಯೊಂದರ ಗೋಡೆಯ ಮೇಲೆ ಶಾಸಕರ ಹೆಸರು ಹಾಗೇ ಇತ್ತು, ಪಕ್ಕದ ಚಿಹ್ನೆಯ ಮೇಲೆ ಮಾತ್ರ ಸುಣ್ಣ ಬಳಿದಿದ್ದರು. ತೆಳು ಸುಣ್ಣ. ಒಳಗಿನ ಚಿಹ್ನೆ ಇನ್ನೂ ಕಾಣುತ್ತಿತ್ತು. ವರದಿಯಲ್ಲಿ ನಾಯಕರ ಭಾಷಣ ತುಂಬಿಸಿ ಆ ಗೋಡೆಯನ್ನು ಬಿಟ್ಟೆ. ಇವತ್ತಿಗೂ ನನಗೆ ನೆನಪಿರುವುದು ಆ ಗೋಡೆ ಮಾತ್ರ. ನೀವು ಹಾಗೆ ಬಿಡಬಾರದು ಅಂತ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಆದ್ದರಿಂದ ಮಾವನ ಮನೆಗೆ ಹೋಗಿ ಬನ್ನಿ. ಮೈಕ್ ಹಿಡಿದು ಕೂರಬೇಡಿ, ಊಟ ಮಾಡಿ ಮಾತಾಡಿ. ಉಪಚುನಾವಣೆಯ ದಿನ ಅವರು ಯಾವ ಮೇಜಿನ ಹಿಂದೆ ಕೂತರು? ಇಪ್ಪತ್ತು ವರ್ಷ ಎದುರು ಪಕ್ಷದ ಏಜೆಂಟ್ ಆಗಿದ್ದವನು ಪಕ್ಕದಲ್ಲೇ ಕೂತನಾ? ಹಿಂದಿನ ಚುನಾವಣೆಯ ಜಗಳದಲ್ಲಿ ಒಬ್ಬರ ಮೇಲೊಬ್ಬರು ಹಾಕಿಕೊಂಡ ಕೇಸುಗಳು ಏನಾದವು? ಯಾರ ಮನೆಯ ಮತ ಯಾರಿಗೆ ಅಂತ ಅವರು ಗುರುತು ಹಾಕಿಟ್ಟಿದ್ದ ಮತದಾರರ ಪಟ್ಟಿಯನ್ನು ಯಾರಿಗೆ ಕೊಟ್ಟರು? ಮನೆ ಮನೆಗೆ ಹೋಗಿ ಏನಂತ ಕೇಳಿದರು? ಅತ್ತೆಯನ್ನೂ ಬೇರೆಯಾಗಿ ಕೇಳಿ. ಹೊಸ ಶಲ್ಯ ತಂದವನಿಗೆ ಅವರು ಏನಂದರು ಅನ್ನುವುದು ನಿಮ್ಮ ಬರಹದಲ್ಲಿಲ್ಲ.

ಮಾವ ಹೆಸರು ಬೇಡ ಅಂದರೆ ಹೆಸರು, ಊರು ಎರಡೂ ಬೇಡ. ಅವರು ನಾಳೆಯೂ ಅದೇ ಊರಿನಲ್ಲಿ ಬಾಳಬೇಕು. ಬರೆದದ್ದನ್ನು ಅವರಿಗೆ ಒಮ್ಮೆ ಓದಿ ಹೇಳಿ.

ಒಂಬತ್ತು ಪುಟ ಬೇಡ, ಐದು ಸಾಕು. ಟ್ರಂಕಿನಿಂದ ಶುರು ಮಾಡಿ. ಕಾನೂನಿನ ಭಾಗ ನಡುವೆ ಅರ್ಧ ಪುಟ ಬರಲಿ, ದಿನಾಂಕ ಮತ್ತು ಅಂಕಿಗಳನ್ನು ನಾನು ಇನ್ನೊಮ್ಮೆ ನೋಡಿಕೊಡುತ್ತೇನೆ. ತಿಂಗಳ ಕೊನೆಯವರೆಗೆ ನಿಮಗಾಗಿ ಜಾಗ ಕಾದಿಟ್ಟಿರುತ್ತೇನೆ.

ಇಂತಿ,
ಸಂಪಾದಕ