ಉಬ್ಬಸದ ಮಾತ್ರೆಯ ಜೊತೆಗೆ ಚೀನಾದ ಗಿಡಮೂಲಿಕೆ ಪುಡಿಯನ್ನು ಕೊಡಬಹುದೇ?

ನಿಮ್ಮ ತಾಯಿಯವರಿಗೆ 62 ವರ್ಷ, ಬಹುಕಾಲದ ಉಬ್ಬಸ, ಎರಡು ಹೊತ್ತು ಇನ್‌ಹೇಲರ್ ಮತ್ತು ಡೆರಿಫಿಲಿನ್ ಮಾತ್ರೆ ನಡೆಯುತ್ತಿದೆ. ಚೀನಾದಲ್ಲಿ ವೈದ್ಯಕೀಯ ಓದುತ್ತಿರುವ ಸೋದರಳಿಯ ತಂದುಕೊಟ್ಟ ಗಿಡಮೂಲಿಕೆಯ ಪುಡಿಯನ್ನೂ ಜೊತೆಗೆ ಕುಡಿಸಬಹುದೇ ಎಂದು ಕೇಳಿದ್ದೀರಿ. ಆ ಪುಡಿಯಲ್ಲಿ ಏನೇನಿದೆ ಎಂಬುದು ತಿಳಿದು, ಅದನ್ನು ಅವರನ್ನು ನೋಡುತ್ತಿರುವ ವೈದ್ಯರ ಮುಂದಿಡುವವರೆಗೆ ಒಂದು ಚಮಚವನ್ನೂ ಕೊಡಬೇಡಿ. ನಾನು ವೈದ್ಯನಲ್ಲ, ದಾವಣಗೆರೆಯಲ್ಲಿ 22 ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿರುವ ಫಾರ್ಮಸಿಸ್ಟ್. ಇಷ್ಟು ಖಡಾಖಂಡಿತವಾಗಿ ಹೇಳಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಕಾರಣ.

ನಮ್ಮ ಚಿಕ್ಕಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು; ಗಿರಣಿ ಮುಚ್ಚಿದ ಮೇಲೂ ಆ ಅರಳೆಯ ಧೂಳು ಅವರ ಎದೆಯನ್ನು ಬಿಡಲಿಲ್ಲ. ನೆಂಟರೊಬ್ಬರು ಮಲೇಷ್ಯಾದಿಂದ ತಂದ ಇಂಥದೇ ಪುಡಿಯನ್ನು ಅವರು ಯಾರಿಗೂ ಹೇಳದೆ ಡೆರಿಫಿಲಿನ್ ಜೊತೆಗೇ ಕುಡಿಯಲು ಶುರು ಮಾಡಿದ್ದರು. ಐದನೆಯ ದಿನ ಬೆಳಿಗ್ಗೆ ನಾನು ಅವರ ಮನೆಗೆ ಹೋದಾಗ, ಅವರ ಕೈಯಲ್ಲಿದ್ದ ಚಹಾದ ಕಪ್ ಬಸಿಯ ಮೇಲೆ ಕಟಕಟನೆ ಸದ್ದು ಮಾಡುತ್ತಿತ್ತು. ಎರಡು ರಾತ್ರಿ ನಿದ್ದೆಯಿರಲಿಲ್ಲವಂತೆ. ನಾಡಿ ಹಿಡಿದು ಎಣಿಸಿದರೆ ನಿಮಿಷಕ್ಕೆ 128 ಬಡಿತ. ಏನು ತೆಗೆದುಕೊಂಡಿರಿ ಎಂದು ಮೂರು ಸಲ ಕೇಳಿದ ಮೇಲೆ, "ನಾರುಬೇರಿನ ಔಷಧಿ, ಅದ್ರಿಂದ ಏನಾಗ್ತತಪ್ಪ" ಎಂದು ದಿಂಬಿನ ಕೆಳಗಿನಿಂದ ಪೊಟ್ಟಣ ತೆಗೆದರು. ಅದರ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಎಫಿಡ್ರಾ ಎಂದಿತ್ತು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಪುಡಿ ನಿಂತ ಮೇಲೆ ಸುಧಾರಿಸಿಕೊಂಡರು.

ಎಫಿಡ್ರಾ ಒಂದು ಗಿಡ, ಅದರ ಚೀನೀ ಹೆಸರು ಮಾ ಹ್ವಾಂಗ್. ಉಬ್ಬಸಕ್ಕೆ ಅದು ಕೆಲಸ ಮಾಡುವುದು ನಿಜ, ಅಪಾಯವಿರುವುದೂ ಅದರಲ್ಲೇ. ಜಪಾನಿನ ರಸಾಯನಶಾಸ್ತ್ರಜ್ಞ ನಾಗೈ ನಾಗಯೋಶಿ 1885ರಲ್ಲಿ ಈ ಗಿಡದಿಂದ ಎಫಿಡ್ರಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. 1920ರ ದಶಕದಿಂದ ಪಾಶ್ಚಾತ್ಯ ವೈದ್ಯರೂ ಅದನ್ನು ಉಬ್ಬಸಕ್ಕೆ ಬಳಸಿದರು. ಶ್ವಾಸನಾಳವನ್ನು ಸಡಿಲಿಸುವ ಜೊತೆಗೇ ಅದು ಹೃದಯವನ್ನು ಓಡಿಸುತ್ತದೆ, ರಕ್ತದೊತ್ತಡವನ್ನು ಏರಿಸುತ್ತದೆ. ಹಾಗಾಗಿಯೇ ಮುಂದೆ ಇನ್‌ಹೇಲರಿನಲ್ಲೂ ಬರುವ ಸಾಲ್ಬುಟಮಾಲ್‌ನಂಥ ಔಷಧಗಳು ಅದರ ಜಾಗಕ್ಕೆ ಬಂದವು, ಅಮೆರಿಕವು 2004ರಲ್ಲಿ ಎಫಿಡ್ರಾ ಇರುವ ಪೂರಕ ಆಹಾರಗಳ ಮಾರಾಟವನ್ನು ನಿಷೇಧಿಸಿತು. ಡೆರಿಫಿಲಿನ್‌ನಲ್ಲಿರುವ ಥಿಯೋಫಿಲಿನ್‌ನದೂ ಸೂಕ್ಷ್ಮ ಲೆಕ್ಕವೇ: ರಕ್ತದ ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಔಷಧ, ಅದನ್ನು ಮೀರಿದರೆ ವಾಂತಿ, ನಡುಕ, ಎದೆಬಡಿತದ ಏರುಪೇರು, ಕೆಲವೊಮ್ಮೆ ಫಿಟ್ಸ್. ಇವೆರಡೂ ಒಂದೇ ದೇಹದಲ್ಲಿ ಸೇರಿದರೆ ಹೃದಯಕ್ಕೆ ಎರಡೂ ಕಡೆಯಿಂದ ಚಾವಟಿ ಬಿದ್ದಂತೆ.

ಎಫಿಡ್ರಾ ಇಲ್ಲದಿದ್ದರೂ ಜ್ಯೇಷ್ಠಮಧು ಇರುವ ಸಂಭವ ಹೆಚ್ಚು. ಚೀನೀ ಔಷಧ ಮಿಶ್ರಣಗಳಲ್ಲಿ ಬಹುಪಾಲಿಗೆ ಅದನ್ನು ಸೇರಿಸುತ್ತಾರೆ, ಅಲ್ಲಿ ಅದರ ಹೆಸರು ಗಾನ್ ತ್ಸಾವ್. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಬೇರೂ ಇದೇ ಬಗೆಯದು. ಕೆಮ್ಮಿಗೆ ಒಂದೆರಡು ದಿನ ಚೂರು ಚೀಪುವುದು ಬೇರೆ, ದಿನವೂ ಕಷಾಯವಾಗಿ ವಾರಗಟ್ಟಲೆ ಕುಡಿಯುವುದು ಬೇರೆ. ಅದರಲ್ಲಿನ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪನ್ನೂ ನೀರನ್ನೂ ತಡೆದಿಟ್ಟು ಪೊಟ್ಯಾಸಿಯಮ್ಮನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಸಾಲ್ಬುಟಮಾಲ್, ಥಿಯೋಫಿಲಿನ್, ಸ್ಟೀರಾಯ್ಡ್ ಮಾತ್ರೆಗಳೂ ರಕ್ತದ ಪೊಟ್ಯಾಸಿಯಮ್ಮನ್ನು ಇಳಿಸುತ್ತವೆ, ಬಿ.ಪಿ.ಗೆಂದು ಮೂತ್ರದ ಮಾತ್ರೆಯೂ ಇದ್ದರೆ ಇನ್ನಷ್ಟು. ಹೀಗೆ ಪೊಟ್ಯಾಸಿಯಮ್ ಕುಸಿದರೆ, ಕಾಲಿನ ಸೆಳೆತ, ಸುಸ್ತು ಎಂದು ಶುರುವಾದದ್ದು ಹೃದಯದ ಲಯಕ್ಕೆ ಹೋಗಿ ಮುಟ್ಟಬಹುದು.

ಚೀನಾದ್ದೆಂದಾಗಲಿ ಗಿಡಮೂಲಿಕೆಯೆಂದಾಗಲಿ ನಾನು ಬೇಡ ಎನ್ನುತ್ತಿಲ್ಲ. ನಾನು ದಿನವೂ ಮಾರುವ ಕೆಮ್ಮಿನ ಸಿರಪ್ಪಿನಲ್ಲಿರುವ ಬ್ರೋಮ್‌ಹೆಕ್ಸಿನ್ ನಮ್ಮ ಬೇಲಿಯ ಆಡುಸೋಗೆಯ ಸತ್ವವನ್ನು ಆಧರಿಸಿಯೇ ರೂಪುಗೊಂಡದ್ದು. ಗಿಡದಲ್ಲಿ ಗುಣವಿದೆ ಎಂದು ನಂಬುವವರು ಅದಕ್ಕೆ ಅಡ್ಡಪರಿಣಾಮವೂ ಇರಬಹುದೆಂದು ಒಪ್ಪಲೇಬೇಕಾಗುತ್ತದೆ. ಇನ್ನೊಂದು ಮಾತು: ಗಿಡಮೂಲಿಕೆಯೆಂದು ಮಾರಾಟವಾಗುವ ಕೆಲವು ಪುಡಿಗಳಲ್ಲಿ ಗುಟ್ಟಾಗಿ ಬೆರೆಸಿದ ಸ್ಟೀರಾಯ್ಡ್ ಪತ್ತೆಯಾದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿವೆ, ಆದ್ದರಿಂದ ಎರಡೇ ದಿನಕ್ಕೆ ಪವಾಡದಂತೆ ಉಸಿರು ಸಲೀಸಾದರೆ ಸಂಶಯಪಡಿ.

ಪುಡಿಯನ್ನು ಈಗಾಗಲೇ ಕೊಟ್ಟಿದ್ದರೆ ಎಷ್ಟು ದಿನ, ಎಷ್ಟು ಪ್ರಮಾಣ ಎಂದು ಮುಚ್ಚುಮರೆಯಿಲ್ಲದೆ ವೈದ್ಯರಿಗೆ ತಿಳಿಸಿ, ಪೊಟ್ಟಣವನ್ನೂ ಮಾತ್ರೆ ಚೀಟಿಯನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ. ಪುಡಿಯ ಭರವಸೆಯ ಮೇಲೆ ಇನ್‌ಹೇಲರ್ ಅನ್ನು ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ. ಎದೆ ಡವಡವ ಎನ್ನುವುದು, ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು ಕಂಡರೆ ರಾತ್ರಿ ಹಗಲು ನೋಡದೆ ಆಸ್ಪತ್ರೆಗೆ ಹೊರಡಿ. ಸೋದರಳಿಯನಿಗೆ ಚೀನೀ ಲಿಪಿ ಓದಲು ಬರುವುದಾದರೆ ಪೊಟ್ಟಣದ ಮೇಲಿನ ಹೆಸರುಗಳನ್ನೆಲ್ಲ ಬರೆಸಿ ಇಲ್ಲಿ ಹಾಕಿ, ನೋಡಿ ಅವತ್ತೇ ಉತ್ತರಿಸುತ್ತೇನೆ.