ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ತಾರೆಯರು ಎನ್‌ಬಿಎಯಲ್ಲಿ ಏಕೆ ಮಂಕಾಗುತ್ತಾರೆ?

ಕಾಲೇಜಿನಲ್ಲಿ ತಾರೆಯೊಬ್ಬನ ದೌರ್ಬಲ್ಯವನ್ನು ತಂಡ ಮರೆಮಾಚಬಹುದು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಎದುರಾಳಿಗಳು ಅದನ್ನೇ ಹುಡುಕಿ ಪೆಟ್ಟು ಕೊಡುತ್ತಾರೆ. ಅಮೆರಿಕದ ಕಾಲೇಜು ಕ್ರೀಡೆಯ ಮೇಲ್ದರ್ಜೆಯಲ್ಲಿ 350ಕ್ಕೂ ಹೆಚ್ಚು ತಂಡಗಳಿದ್ದರೆ ಎನ್‌ಬಿಎಯಲ್ಲಿ ಇರುವುದು 30 ಮಾತ್ರ. ಆದ್ದರಿಂದ ಅಲ್ಲಿ ದುರ್ಬಲ ಎದುರಾಳಿ ಎಂಬವನೇ ಸಿಗುವುದಿಲ್ಲ.

ಜಿಮ್ಮರ್ ಫ್ರೆಡೆಟ್ ಅವರನ್ನೇ ನೋಡಿ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಪರ 2010–11ರಲ್ಲಿ ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿ ಇಡೀ ದೇಶಕ್ಕೆ ಮೊದಲಿಗರಾದ ಅವರು, ವೃತ್ತಿಪರ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ 2011ರ ಡ್ರಾಫ್ಟ್‌ನಲ್ಲಿ ಹತ್ತನೆಯವರಾಗಿ ಆಯ್ಕೆಯಾದರು. ದೂರದಿಂದ ಬುಟ್ಟಿಗೆ ಗುರಿಯಿಡುವ ಅವರ ಕೌಶಲ ಎನ್‌ಬಿಎಯಲ್ಲೂ ಉಳಿದಿತ್ತು. ತೊಡಕಾದದ್ದು ರಕ್ಷಣೆ. ಚೆಂಡು ಹಿಡಿದವನನ್ನು ಕಾಯುತ್ತಿರುವ ಆಟಗಾರನಿಗೆ ಇನ್ನೊಬ್ಬ ಅಡ್ಡ ನಿಂತು ಅವನನ್ನು ತಡೆಯುವ ಪಿಕ್ ಆಂಡ್ ರೋಲ್ ತಂತ್ರದಿಂದ, ಕಾಲಿನ ವೇಗ ಕಡಿಮೆ ಇರುವವನನ್ನೇ ಮತ್ತೆ ಮತ್ತೆ ಎಳೆದು ತಂದು ಅಂಕ ಗಳಿಸಬಹುದು. ಹಾಗಾದಾಗ ತರಬೇತುದಾರ ಅವನನ್ನು ಬೆಂಚಿನಲ್ಲಿ ಕೂರಿಸುತ್ತಾನೆ. ಆಡಿದ ಅಲ್ಪಾವಧಿಯಲ್ಲೂ ಚೆಂಡು ಬೇರೆಯವರ ಕೈಯಲ್ಲಿರುತ್ತದೆ. ಇಡೀ ತಂಡವೇ ತನ್ನ ಸುತ್ತ ಆಡುವುದಕ್ಕೆ ಒಗ್ಗಿಹೋದವನಿಗೆ ಇದು ನಿಜಕ್ಕೂ ಕಠಿಣ. ಮುಂದೆ ಚೀನಾದ ಲೀಗ್‌ನಲ್ಲಿ ಶಾಂಘೈ ತಂಡದ ಆಟ ಮತ್ತೆ ಅವರನ್ನೇ ಅವಲಂಬಿಸಿದಾಗ, 2017ರಲ್ಲಿ ಒಂದೇ ಪಂದ್ಯದಲ್ಲಿ ಫ್ರೆಡೆಟ್ 73 ಅಂಕ ಗಳಿಸಿದರು.